ಅಸ್ಥಿಮಂದಿರ ಎಂದೂ ಸೋಲದ ವ್ಯವಹಾರವೇ?

ಪ್ರಶ್ನೆ: ಜಪಾನಿನ ಬೌದ್ಧ ದೇವಾಲಯಗಳು ಸತ್ತವರ ಮೂಳೆ ಇಡಲು ಗೂಡುಗಳನ್ನು ಕೊಡುತ್ತವಂತೆ. ಒಂದೊಂದಕ್ಕೂ ಲಕ್ಷಗಟ್ಟಲೆ ಯೆನ್ ತೆಗೆದುಕೊಳ್ಳುತ್ತವಂತೆ. ಅಲ್ಲಿ ವಯಸ್ಸಾದವರೇ ಜಾಸ್ತಿ. ಹಾಗಾದರೆ ಇದು ಎಂದೂ ಸೋಲದ ವ್ಯವಹಾರ ಅಲ್ವಾ? ಇಂಥ ಜಾಗವನ್ನು ಮುನ್ನಡೆಸಿ ಬೆಳೆಸುವವರು ಏನು ಮಾಡುತ್ತಾರೆ?

ಉತ್ತರ: ಸೋಲುತ್ತದೆ. ಸೋತೂ ಇದೆ. ಉತ್ತರ ಜಪಾನಿನ ಸಪ್ಪೊರೊ ನಗರದಲ್ಲಿ ಒಂದು ಧಾರ್ಮಿಕ ಸಂಸ್ಥೆ ಅಸ್ಥಿಮಂದಿರ ನಡೆಸುತ್ತಿತ್ತು. 2022ರಲ್ಲಿ ಅದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿತು. ಸಾಲ ತೀರದೆ ಆಸ್ತಿ ಹರಾಜಾಗಿ ಬೇರೆಯವರ ಕೈ ಸೇರಿತ್ತು. ಒಳಗೆ ನೂರಾರು ಜನರ ಮೂಳೆಗಳಿದ್ದವು. ಬಂದು ತೆಗೆದುಕೊಂಡು ಹೋಗಿ ಎಂದು ಮನೆಯವರಿಗೆ ತಿಳಿಸಲಾಯಿತು. ಅಪ್ಪ ಅಮ್ಮನ ಮೂಳೆ ಶಾಶ್ವತವಾಗಿ ಇಲ್ಲಿರುತ್ತದೆ ಎಂದು ನಂಬಿ ಹಣ ಕಟ್ಟಿದವರು ಅವನ್ನು ಎತ್ತಿಕೊಂಡು ವಾಪಸ್ ಮನೆಗೆ ಹೋಗಬೇಕಾಯಿತು.

ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉತ್ತರಕ್ಕೆ ಮೊದಲು, ಅಲ್ಲಿನವರು ಮೂಳೆಯನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ನೋಡೋಣ. ಅದು ತಿಳಿಯದೆ ವ್ಯವಹಾರ ತಿಳಿಯುವುದಿಲ್ಲ.

ನಮ್ಮ ಕಡೆ ಸುಟ್ಟ ಮೇಲೆ ಮೂಳೆ ಆಯ್ದು ಕುಡಿಕೆಯಲ್ಲಿ ಕಟ್ಟಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಹತ್ತಿರದ ಹೊಳೆಗೋ ಬಿಟ್ಟು ಬರುತ್ತೇವೆ. ಅಲ್ಲಿಗೆ ಅಸ್ಥಿಯ ಕೆಲಸ ಮುಗಿಯಿತು. ಜಪಾನಿನಲ್ಲಿ ಕೆಲಸ ಶುರುವಾಗುವುದೇ ಅಲ್ಲಿಂದ. ನೂರಕ್ಕೆ 99ಕ್ಕೂ ಹೆಚ್ಚು ಶವಗಳನ್ನು ಸುಡುತ್ತಾರೆ. ಮನೆಯವರು ಸುತ್ತ ನಿಂತು, ಕಡ್ಡಿಗಳಿಂದ ಮೂಳೆ ಎತ್ತಿ ಕುಡಿಕೆಗೆ ಹಾಕುತ್ತಾರೆ. ಮೊದಲು ಪಾದದ ಮೂಳೆ, ಕೊನೆಗೆ ತಲೆಯದು. ಸತ್ತವರು ಕುಡಿಕೆಯಲ್ಲಿ ತಲೆಕೆಳಗಾಗಬಾರದಲ್ಲ. ಕುತ್ತಿಗೆಯ ಒಂದು ಮೂಳೆಗೆ 'ನೊದೊಬೊತೊಕೆ' ಎಂಬ ಹೆಸರಿದೆ. ಗಂಟಲ ಬುದ್ಧ ಎಂದರ್ಥ. ಧ್ಯಾನಕ್ಕೆ ಕೂತ ಬುದ್ಧನ ಹಾಗೆ ಕಾಣುತ್ತದೆಂದು ಆ ಹೆಸರು. ಅದನ್ನು ತುಂಬ ಜೋಪಾನವಾಗಿ ಎತ್ತಿಡುತ್ತಾರೆ. ಇಷ್ಟು ಅಕ್ಕರೆಯಿಂದ ತುಂಬಿದ ಕುಡಿಕೆಗೆ ಒಂದು ಜಾಗ ಬೇಕು. ಸಾಮಾನ್ಯವಾಗಿ 49ನೇ ದಿನದ ಹೊತ್ತಿಗೆ ಅದನ್ನು ಕುಟುಂಬದ ಸಮಾಧಿಯಲ್ಲಿ ಇಡುತ್ತಾರೆ.

ಆ ಸಮಾಧಿ ಬಹಳ ಸಲ ದೇವಾಲಯದ ಅಂಗಳದಲ್ಲಿರುತ್ತದೆ. 17ನೇ ಶತಮಾನದಲ್ಲಿ ಪ್ರತಿ ಕುಟುಂಬವೂ ಒಂದು ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು ಎಂದು ಅಲ್ಲಿನ ಆಡಳಿತ ಕಡ್ಡಾಯ ಮಾಡಿತು. ಕ್ರೈಸ್ತ ಧರ್ಮ ಹರಡದಂತೆ ತಡೆಯುವುದು ಆಗಿನ ಉದ್ದೇಶ. ಹಾಗೆ ಸೇರಿದ ಮನೆಗಳಿಗೆ 'ದಂಕಾ' ಎನ್ನುತ್ತಾರೆ. ದೇವಾಲಯ ಸತ್ತವರನ್ನು ನೋಡಿಕೊಳ್ಳುತ್ತದೆ, ಮನೆ ದೇವಾಲಯವನ್ನು ನೋಡಿಕೊಳ್ಳುತ್ತದೆ. ಮಗ ಊರಲ್ಲೇ ಇರುವವರೆಗೆ ಇದು ಸರಿಯಾಗಿ ನಡೆಯಿತು. ಈಗ ಮಗ ಟೋಕಿಯೊದಲ್ಲಿದ್ದಾನೆ, ಸಮಾಧಿ ದೂರದ ಹಳ್ಳಿಯಲ್ಲಿದೆ. ಎಷ್ಟೋ ಮನೆಗಳಲ್ಲಿ ಮಕ್ಕಳೇ ಇಲ್ಲ. ಹಳೆಯ ಸಮಾಧಿ ಮುಚ್ಚಿ ಮೂಳೆಗಳನ್ನು ಬೇರೆ ಕಡೆಗೆ ಸಾಗಿಸುವುದು ವರ್ಷಕ್ಕೆ ಒಂದೂವರೆ ಲಕ್ಷ ದಾಟಿದೆ.

ಜಪಾನಿನಲ್ಲಿ ಈಗ ವರ್ಷಕ್ಕೆ 15 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ನಿಜ. ಆದರೆ ಅಸ್ಥಿಮಂದಿರಕ್ಕೆ ಬರುವವರನ್ನು ಕರೆತರುವುದು ಸಾವಿನ ಲೆಕ್ಕಕ್ಕಿಂತ ಈ ಒಂದು ಚಿಂತೆ: ನನ್ನ ನಂತರ ಯಾರು ನೋಡಿಕೊಳ್ಳುತ್ತಾರೆ? ಬದುಕಿರುವಾಗಲೇ ಬಂದು ತಮಗೆ ತಾವೇ ಗೂಡು ಹಿಡಿಯುವವರು ಬಹಳ. ಅವರಿಗೆ ದೇವಾಲಯ ಕೊಡುವ ಮಾತಿನ ಹೆಸರು 'ಏತಾಯ್ ಕುಯೊ'. ಮನೆಯವರು ಯಾರೂ ಬಾರದಿದ್ದರೂ ನಾವು ಮುಂದಕ್ಕೂ ಪೂಜೆ ಮಾಡುತ್ತೇವೆ ಎಂಬ ಮಾತು ಅದು.

ಮಾರಾಟವಾಗುವುದು ಈ ಮಾತೇ. ಗೂಡು ಅದರ ಗುರುತು ಅಷ್ಟೆ.

ಈಗ ಹಣದ ವಿಷಯ. ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಕಟ್ಟಡದಲ್ಲಿ 3,000 ಗೂಡು. ಒಂದಕ್ಕೆ 8 ಲಕ್ಷ ಯೆನ್. ಎಲ್ಲ ಹೋದರೆ 240 ಕೋಟಿ ಯೆನ್. ಕೇಳಿದರೆ ಕಣ್ಣು ಅರಳುತ್ತದೆ. ಆದರೆ ಇದು ಒಂದೇ ಸಲ ಬರುವ ಹಣ. ಅದರಲ್ಲಿ ಜಾಗದ ಸಾಲ, ಕಟ್ಟಡದ ಖರ್ಚು, ಮಾರಿಕೊಟ್ಟವರ ಕಮಿಷನ್ ಎಲ್ಲ ಕಳೆಯಬೇಕು. ಆಮೇಲೆ ಉಳಿಯುವುದು ವರ್ಷದ ನಿರ್ವಹಣೆ ಶುಲ್ಕ. ಗೂಡಿಗೆ 12,000 ಯೆನ್ ಎಂದಿಟ್ಟುಕೊಂಡರೆ ವರ್ಷಕ್ಕೆ 3.6 ಕೋಟಿ. ಅದರಲ್ಲೇ ಸಂಬಳ, ಕರೆಂಟು, ರಿಪೇರಿ, ಪೂಜೆ ಎಲ್ಲ ನಡೆಯಬೇಕು. ಶುಲ್ಕ ಕಟ್ಟುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಇಲ್ಲ ಎಂದೇ ತಾನೆ ಅವರು ಬಂದಿದ್ದು? ಹಾಗಾಗಿ ಕಟ್ಟಡ ಹಳೆಯದಾದ ಹಾಗೆಲ್ಲ ಖರ್ಚು ಏರುತ್ತದೆ, ಶುಲ್ಕ ಇಳಿಯುತ್ತದೆ. ಜವಾಬ್ದಾರಿ ಮಾತ್ರ ಹಾಗೇ ಇರುತ್ತದೆ.

ಈ ಇಳಿಜಾರನ್ನು ಮೊದಲ ದಿನವೇ ಕಾಣುವವರು ನಾಯಕರು. ಅಲ್ಲಿ ದೇವಾಲಯದ ಮುಖ್ಯ ಅರ್ಚಕರಿಗೆ 'ಜೂಶೊಕು' ಎನ್ನುತ್ತಾರೆ. ಜೂಶೊಕು ಮಾಡಬೇಕಾದ ಮೊದಲ ಕೆಲಸ, ಬಂದ ಹಣದಲ್ಲಿ ಒಂದು ಪಾಲನ್ನು ಮುಟ್ಟದ ಹಾಗೆ ಎತ್ತಿಡುವುದು. ಅದು ಇನ್ನೂ ಹುಟ್ಟದ ಶಿಷ್ಯರು ಮಾಡಬೇಕಾದ ಪೂಜೆಯ ಹಣ. ಬ್ಯಾಂಕಿನಲ್ಲಿ ಇದೆ ಎಂದು ಅದನ್ನೇ ಹಾಕಿ ಎರಡನೇ ಕಟ್ಟಡ ಕಟ್ಟಿದರೆ ಹೊರಗಿನಿಂದ ಬೆಳವಣಿಗೆ ಥರ ಕಾಣುತ್ತದೆ. ಆಗ ಹೊಸ ಗೂಡು ಹೋದರೆ ಮಾತ್ರ ಹಳೆಯವರ ಮಾತು ಉಳಿಯುತ್ತದೆ. ಮಾರಾಟ ಒಂದೆರಡು ವರ್ಷ ನಿಂತರೂ ಸಾಕು, ಎರಡೂ ಕಟ್ಟಡ ಕೈತಪ್ಪುತ್ತವೆ. ಎಷ್ಟು ಗೂಡು ಹೋದರೆ ಸಾಲ ತೀರುತ್ತದೆ ಎಂದು ಕೇಳುವುದಕ್ಕಿಂತ, ಅರ್ಧ ಗೂಡು ಖಾಲಿ ಉಳಿದರೂ ಬಾಗಿಲು ತೆರೆದಿರುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿಯೇ.

ಕಾನೂನು ಕೂಡ ಇದನ್ನೇ ಬಯಸುತ್ತದೆ. ಸಮಾಧಿ ಮತ್ತು ಶವಸಂಸ್ಕಾರದ ಜಪಾನಿ ಕಾನೂನು 1948ರದು. ಅಸ್ಥಿಮಂದಿರ ತೆರೆಯಲು ಸ್ಥಳೀಯ ಆಡಳಿತದ ಅನುಮತಿ ಬೇಕು. ಸಾಮಾನ್ಯವಾಗಿ ಅದು ಸಿಗುವುದು ನಗರಾಡಳಿತಗಳಿಗೆ, ಧಾರ್ಮಿಕ ಸಂಸ್ಥೆಗಳಿಗೆ, ಸಾರ್ವಜನಿಕ ಹಿತದ ಸಂಸ್ಥೆಗಳಿಗೆ. ಖಾಸಗಿ ಕಂಪನಿ ನೇರವಾಗಿ ನಡೆಸುವ ಹಾಗಿಲ್ಲ. 2000ದಲ್ಲಿ ಸರ್ಕಾರ ಕೊಟ್ಟ ಮಾರ್ಗಸೂಚಿ ಎರಡು ಗುಣ ಬೇಕೆನ್ನುತ್ತದೆ: ಸಂಸ್ಥೆ ಬಹುಕಾಲ ಬಾಳಬೇಕು, ಲಾಭಕ್ಕಾಗಿ ನಡೆಯಬಾರದು. ಅದೇ ಮಾರ್ಗಸೂಚಿ ಹೆಸರು ಬಾಡಿಗೆಗೆ ಕೊಡುವುದರ ಬಗ್ಗೆಯೂ ಎಚ್ಚರಿಸುತ್ತದೆ. ಅಂದರೆ ಬೋರ್ಡಿನಲ್ಲಿ ದೇವಾಲಯದ ಹೆಸರು, ಹಿಂದೆ ಹಣ ಹಾಕಿ ಎಲ್ಲ ತೀರ್ಮಾನ ಮಾಡುವುದು ಕಂಪನಿ. ಕಷ್ಟ ಬಂದಾಗ ಕಂಪನಿ ಎದ್ದು ಹೋಗಬಹುದು. ಮೂಳೆಗಳ ಮುಂದೆ ಉಳಿಯುವುದು ದೇವಾಲಯ ಒಂದೇ.

ಮಾರಾಟಕ್ಕೆ ಕಂಪನಿಯ ನೆರವು ಪಡೆಯುವುದರಲ್ಲೂ ನೋಡಿಕೊಂಡು ನಡೆಯಬೇಕು. ಟೋಕಿಯೊದ ಅಕಾಸಾಕದಲ್ಲಿರುವ ಒಂದು ಅಸ್ಥಿಮಂದಿರದ ಮೊಕದ್ದಮೆ ಇದಕ್ಕೆ ಉದಾಹರಣೆ. ಅಲ್ಲಿ ಯಾವ ಪಂಥದವರ ಮೂಳೆಯನ್ನಾದರೂ ಇಡಬಹುದಿತ್ತು, ಮಾರಿಕೊಡಲು ಹೊರಗಿನ ಕಂಪನಿ ಇತ್ತು. ಇದು ಬರೀ ಧಾರ್ಮಿಕ ಬಳಕೆಯ ಜಾಗ ಅಲ್ಲ, ಆಸ್ತಿ ತೆರಿಗೆ ಕಟ್ಟಿ ಎಂದು ಅಧಿಕಾರಿಗಳು ಹೇಳಿದರು. 2016ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ತೆರಿಗೆ ಇಲ್ಲ ಎಂದು ಲೆಕ್ಕ ಹಾಕಿ ದರ ಇಟ್ಟವರಿಗೆ ಇಂಥ ಒಂದು ತೀರ್ಪು ಸಾಕು, 30 ವರ್ಷದ ಲೆಕ್ಕವೇ ಬದಲಾಗುತ್ತದೆ.

ಚೆನ್ನಾಗಿ ಯೋಚಿಸಿದ ಜಾಗವೂ ಇದೆ. ಟೋಕಿಯೊದ ಶಿಂಜುಕುವಿನ ಕೊಕೊಕುಜಿ ದೇವಾಲಯದಲ್ಲಿ 'ರುರಿದೆನ್' ಎಂಬ ಮಂದಿರ 2006ರಿಂದ ಇದೆ. ಒಳಗೆ ಗೋಡೆ ತುಂಬ ಗಾಜಿನ ಪುಟ್ಟ ಬುದ್ಧರು, ಎರಡು ಸಾವಿರಕ್ಕೂ ಹೆಚ್ಚು. ಬಂದವರು ಕಾರ್ಡ್ ತೋರಿಸಿದರೆ ತಮ್ಮವರ ಬುದ್ಧ ಬೇರೆ ಬಣ್ಣದಲ್ಲಿ ಬೆಳಗುತ್ತಾನೆ. ಫೋಟೊಗಳಲ್ಲಿ ಎಲ್ಲರೂ ನೋಡುವುದು ಆ ನೀಲಿ ಬೆಳಕನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಹಾಕಿಕೊಂಡ ಗಡುವು. ಮೂಳೆಯನ್ನು ಗೂಡಿನಲ್ಲಿ ಇಡುವುದು 33 ವರ್ಷ. ಆಮೇಲೆ ಅದನ್ನು ಎಲ್ಲರ ಮೂಳೆಗಳ ಜೊತೆ ಮಣ್ಣಿಗೆ ಸೇರಿಸುತ್ತಾರೆ.

33 ಸುಮ್ನೆ ಆರಿಸಿದ ಸಂಖ್ಯೆ ಅಲ್ಲ. ಜಪಾನಿನಲ್ಲಿ ಬಹಳ ಕಡೆ 33ನೇ ವರ್ಷದ ಪೂಜೆಯೇ ಕೊನೆಯದು. ಅಲ್ಲಿಗೆ ಸತ್ತವರು ತಮ್ಮ ಒಂಟಿ ಹೆಸರು ಬಿಟ್ಟು ಪಿತೃಗಳಲ್ಲಿ ಒಬ್ಬರಾಗುತ್ತಾರೆ ಎಂಬ ನಂಬಿಕೆ. ನಮ್ಮಲ್ಲಿ 12ನೇ ದಿನ ಸಪಿಂಡೀಕರಣದಲ್ಲಿ ಆಗುವುದು ಇದೇ ಅಲ್ವಾ? ಅಂದರೆ ಸಂಪ್ರದಾಯದ ಒಳಗೇ ಒಂದು ಕೊನೆ ಇದೆ. ಅದನ್ನು ಕರಾರಿನಲ್ಲಿ ಬರೆದರೆ ಯಾರಿಗೂ ಅವಮಾನ ಆಗುವುದಿಲ್ಲ. ದೇವಾಲಯಕ್ಕೆ ತನ್ನ ಹೊಣೆ ಎಷ್ಟು ವರ್ಷದ್ದು ಎಂದು ಗೊತ್ತಿರುತ್ತದೆ. ಗೂಡು ಖಾಲಿಯಾಗಿ ಇನ್ನೊಬ್ಬರಿಗೆ ಸಿಗುತ್ತದೆ. ಊರಲ್ಲಿ ಹೊಸ ಜಾಗ ಕೊಳ್ಳದೆಯೂ ಮಂದಿರ ಮುಂದುವರಿಯುತ್ತದೆ. ಹಾಂಗ್‌ಕಾಂಗ್‌ನಲ್ಲಿ ಗೂಡಿಗಾಗಿ ಜನ ವರ್ಷಗಟ್ಟಲೆ ಕಾಯುವ ಸ್ಥಿತಿ ಬಂದಾಗ ಸರ್ಕಾರವೂ ಹೀಗೇ ಮಾಡಿತು. ಅಲ್ಲಿನ ಹೊಸ ಸರ್ಕಾರಿ ಗೂಡುಗಳ ಅವಧಿ ಮೊದಲಿಗೆ 20 ವರ್ಷ, ಬೇಕಾದರೆ ಆಮೇಲೆ 10 ವರ್ಷಕ್ಕೊಮ್ಮೆ ಮುಂದುವರಿಸಬಹುದು. ಖಾಸಗಿ ಅಸ್ಥಿಮಂದಿರಗಳಿಗೆ 2017ರಿಂದ ಲೈಸೆನ್ಸ್ ಕಾನೂನು ಬಂದಿದೆ.

ಯಂತ್ರಗಳ ಬಗ್ಗೆ ಒಂದು ಮಾತು. ದೊಡ್ಡ ನಗರಗಳಲ್ಲಿ ಈಗ ಗೋದಾಮಿನ ಥರದ ಅಸ್ಥಿಮಂದಿರಗಳಿವೆ. ಕಾರ್ಡ್ ತೋರಿಸಿದರೆ ಒಳಗಿನ ಯಂತ್ರ ನಿಮ್ಮ ಕುಡಿಕೆಯ ಪೆಟ್ಟಿಗೆಯನ್ನು ಹುಡುಕಿ, ಸಾಗಿಸಿ, ಪೂಜೆಯ ಕಲ್ಲಿನ ಹಿಂದೆ ತಂದು ನಿಲ್ಲಿಸುತ್ತದೆ. ಚಿಕ್ಕ ಜಾಗದಲ್ಲಿ ಸಾವಿರಾರು ಕುಡಿಕೆ ಹಿಡಿಸುತ್ತವೆ. ಮಳೆಯಲ್ಲೂ ಗಾಲಿ ಕುರ್ಚಿಯಲ್ಲೂ ಬರಬಹುದು. ಇದು ನಿಜವಾದ ಅನುಕೂಲ. ಆದರೆ ಬೆಲ್ಟು, ಮೋಟರು, ಕಂಪ್ಯೂಟರು 33 ವರ್ಷ ಒಂದೇ ಸಮ ಓಡುವುದಿಲ್ಲ. ಒಮ್ಮೆಯಾದರೂ ಬದಲಿಸಲೇಬೇಕು. ಆ ಖರ್ಚು ಇಂದಿನ ದರದಲ್ಲೇ ಸೇರಿರಬೇಕು.

ಇನ್ನು ನೆರೆಹೊರೆ. ಸಿಂಗಾಪುರದ ಫರ್ನ್‌ವೇಲ್‌ನಲ್ಲಿ ಚೀನೀ ದೇವಾಲಯಕ್ಕೆ ಮೀಸಲಾದ ಜಾಗದ ಟೆಂಡರ್ 2014ರಲ್ಲಿ ಒಂದು ಕಂಪನಿಗೆ ಹೋಯಿತು. ಆ ಕಂಪನಿ ಅಲ್ಲಿ ಗೂಡುಗಳನ್ನೂ ಇಡುವ ಯೋಜನೆ ಮಾಡಿತ್ತು. ಪಕ್ಕದಲ್ಲೇ ಮನೆ ಬುಕ್ ಮಾಡಿದ್ದವರು ಸಿಡಿದೆದ್ದರು. 2015ರ ಜನವರಿಯಲ್ಲಿ ಸಚಿವ ಖಾ ಬೂನ್ ವಾನ್ ಅವರು, ಅಲ್ಲಿ ವಾಣಿಜ್ಯ ಅಸ್ಥಿಮಂದಿರಕ್ಕೆ ಅವಕಾಶವಿಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಸಿಂಗಾಪುರದಲ್ಲಿ ಎಷ್ಟೋ ದೇವಾಲಯಗಳಲ್ಲಿ ಗೂಡುಗಳಿವೆ, ಜನ ಒಪ್ಪಿಕೊಂಡಿದ್ದಾರೆ. ಅಲ್ಲಿ ಕೆರಳಿಸಿದ ಒಂದು ದೊಡ್ಡ ಕಾರಣ ಲಾಭದ ಕಂಪನಿ ಎಂಬುದು. ಮನೆ ಬುಕ್ ಮಾಡುವಾಗ ವಿಷಯ ಸ್ಪಷ್ಟವಾಗಿ ಗೊತ್ತಾಗಲಿಲ್ಲ ಎಂಬ ನೋವೂ ಇತ್ತು. ನೆಲ ಅಗೆಯುವ ಮೊದಲೇ ಬೀದಿಯವರ ಜೊತೆ ಕೂತು ಮಾತಾಡುವುದು ಜಾಹೀರಾತಿಗಿಂತ ಮುಖ್ಯವಾದ ಕೆಲಸ.

ಹಾಗಾದರೆ ಬೆಳೆಯುವುದು ಹೇಗೆ ಎಂದು ನೀವು ಕೇಳಿದಿರಿ. ಬಂದವರು ಮತ್ತೆ ಬರುವ ಹಾಗೆ ಮಾಡುವುದರಿಂದ. ಸತ್ತವರನ್ನು ನೆನೆಯಲು ಅಲ್ಲಿ ವಸಂತದಲ್ಲಿ, ಶರತ್ಕಾಲದಲ್ಲಿ 'ಹಿಗಾನ್' ದಿನಗಳು, ಬೇಸಿಗೆಯಲ್ಲಿ 'ಓಬೋನ್' ಹಬ್ಬ ಇವೆ. ಆಗ ಜನ ಸಾಲಾಗಿ ಬರುತ್ತಾರೆ. ಉಳಿದ ದಿನ ಒಬ್ಬ ಮುದುಕಿ ಗಂಡನ ಗೂಡಿನ ಮುಂದೆ ಅರ್ಧ ಗಂಟೆ ಕೂತಿರಬಹುದು. ಅವರ ಹೆಸರು ಗೊತ್ತಿರುವ, ಒಂದು ಲೋಟ ಚಹಾ ಕೊಡುವ ಅರ್ಚಕರು ಇದ್ದರೆ, ಆ ಅಜ್ಜಿ ತಮ್ಮ ಗೆಳತಿಯರಿಗೂ ಹೇಳುತ್ತಾರೆ. ಇದು ನಿಧಾನ. ವರ್ಷಕ್ಕೆ ಕೆಲವೇ ಗೂಡು ಹೋಗುತ್ತವೆ. ಸಾಲ ಕಮ್ಮಿ ಇದ್ದವರಿಗೆ ಮಾತ್ರ ಇಷ್ಟು ನಿಧಾನವಾಗಿ ನಡೆಯಲು ಆಗುತ್ತದೆ. ಅದಕ್ಕೇ ನಾನು ಹಣದ ಮಾತನ್ನು ಅಷ್ಟು ಉದ್ದ ಆಡಿದ್ದು.

ಟೋಕಿಯೊ, ಸಿಂಗಾಪುರದಲ್ಲಿರುವ ಕನ್ನಡಿಗರೂ ಇದನ್ನು ಓದುತ್ತಿರಬಹುದು. ಅಲ್ಲಿನ ನಿಮ್ಮ ಗೆಳೆಯರು ತಂದೆತಾಯಿಗೆ ಗೂಡು ಹುಡುಕುತ್ತಿದ್ದರೆ, ಬೆಲೆ ಕೇಳುವ ಮೊದಲು ಮೂರು ವಿಷಯ ಕೇಳಲು ಹೇಳಿ. ಅನುಮತಿ ಯಾರ ಹೆಸರಲ್ಲಿದೆ? ಜಾಗದ ಮೇಲೆ ಸಾಲ ಇದೆಯೇ? ನಾವು ಬರುವುದು ನಿಂತ ಮೇಲೆ ಮೂಳೆಯನ್ನು ಎಲ್ಲಿಗೆ, ಯಾವ ವರ್ಷ ಕೊಂಡೊಯ್ಯುತ್ತೀರಿ? ಮೂರನೆಯದಕ್ಕೆ ಒಳ್ಳೆಯ ಅರ್ಚಕರು ಬಾಯಲ್ಲಿ ಉತ್ತರ ಹೇಳಿ ಕಳಿಸುವುದಿಲ್ಲ. ಎದ್ದು ಕರೆದುಕೊಂಡು ಹೋಗಿ ಆ ಜಾಗವನ್ನೇ ತೋರಿಸುತ್ತಾರೆ.