ಮದ್ದಲೆ ಕೇಳದಿದ್ದರೆ ಆಂಪ್ಲಿಫೈಯರ್ ತರಬೇಕಾ?

ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಹಿರಿಯರೊಬ್ಬರು ಶಿರಸಿಯ ನನ್ನ ರಿಪೇರಿ ಅಂಗಡಿಗೆ ಬಂದರು. ಕೈಯಲ್ಲಿ ಹಳೆಯ ಪೋರ್ಟಬಲ್ ಸ್ಟೀರಿಯೋ, ಅದರೊಳಗೆ ಯಕ್ಷಗಾನದ ಕ್ಯಾಸೆಟ್, ಜೊತೆಗೆ ಮಗ ಬೆಂಗಳೂರಿನಿಂದ ಕಳಿಸಿದ ಹೊಸ ಹೆಡ್‌ಫೋನ್. "ಚಂಡೆ ಕೇಳ್ತು, ಮದ್ದಲೆ ಸರಿ ಕೇಳ್ತಿಲ್ಲೆ ಮಾರಾಯ" ಅಂದರು. ಹೆಡ್‌ಫೋನ್ ಆಂಪ್ಲಿಫೈಯರ್ ತರಿಸಲಾ ಅನ್ನುವುದು ಅವರ ಪ್ರಶ್ನೆ.

ನನ್ನ ಹತ್ತಿರ 9 ವೋಲ್ಟ್ ಬ್ಯಾಟರಿಯ ಚಿಕ್ಕದೊಂದು ಆಂಪ್ಲಿಫೈಯರ್ ಇತ್ತು. ನಡುವೆ ಜೋಡಿಸಿದೆ. ಮದ್ದಲೆಯ ಎಡಗೈ ಪೆಟ್ಟು ತುಂಬಿಕೊಂಡು ಬಂತು. ಅವರಿಗೆ ಖುಷಿಯೋ ಖುಷಿ. ಆದರೆ ವಾಲ್ಯೂಮ್ ಮೊದಲಿನಷ್ಟೇ ಇತ್ತು. ಹಾಗಾದರೆ ಬದಲಾದದ್ದು ಏನು?

ಇಂಥ ಹಳೆಯ ಸೆಟ್‌ಗಳಲ್ಲಿ ಹೆಡ್‌ಫೋನಿಗೆ ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಒಂದು ಕೆಪಾಸಿಟರ್ ಇರುತ್ತದೆ. ಡಿಸಿ ಕರೆಂಟ್ ತಡೆದು ಹಾಡನ್ನು ಮಾತ್ರ ಬಿಡುವುದು ಅದರ ಕೆಲಸ. ಅದು ಚಿಕ್ಕದಾದರೆ ಮದ್ದಲೆಯ ಎಡಗೈ ಪೆಟ್ಟಿನಂಥ ತಗ್ಗಿನ ಸ್ವರವನ್ನೂ ತಡೆಯುತ್ತದೆ. ಎಷ್ಟು ತಡೆಯುತ್ತದೆ ಅನ್ನುವುದು ಹೆಡ್‌ಫೋನಿನ ಓಮ್ (ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ) ಮೇಲೆ ಹೋಗುತ್ತದೆ. 100 ಮೈಕ್ರೋಫ್ಯಾರಡ್ (ಕೆಪಾಸಿಟರಿನ ಗಾತ್ರದ ಅಳತೆ) ಕೆಪಾಸಿಟರಿಗೆ 32 ಓಮ್ ಹೆಡ್‌ಫೋನ್ ಹಾಕಿದರೆ 50 ಹರ್ಟ್ಜ್ ಹತ್ತಿರ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. 16 ಓಮ್ ಆದರೆ 100 ಹರ್ಟ್ಜ್‌ನಲ್ಲೇ ಅರ್ಧ. ಕೆಪಾಸಿಟರ್ ಒಣಗಿದ್ದರೆ ಇನ್ನೂ ಮೇಲಿನಿಂದಲೇ ಕತ್ತರಿ. ಆಂಪ್ಲಿಫೈಯರ್ ಆದರೋ ಸೆಟ್ಟಿಗೆ ಸಾವಿರಾರು ಓಮ್ ಆಗಿ ಕಾಣುತ್ತದೆ. ಭಾರ ಇಳಿಯಿತು, ಮದ್ದಲೆ ವಾಪಸ್ ಬಂತು, ಅಷ್ಟೇ.

ನಿಜವಾಗಿ ಆಂಪ್ಲಿಫೈಯರ್ ಬೇಕಾಗುವುದು 250, 300 ಓಮ್‌ನ ದೊಡ್ಡ ಹೆಡ್‌ಫೋನಿಗೆ. ಎರಡು ಸೆಲ್ಲಿನ ಸೆಟ್ಟಿನಲ್ಲಿ ಇರುವುದೇ 3 ವೋಲ್ಟ್. ಶಬ್ದ ಒಡೆಯದೆ ಹೊರಗೆ ಬರುವುದು ಹೆಚ್ಚೆಂದರೆ ಸುಮಾರು 1 ವೋಲ್ಟ್. ಅದರಿಂದ 32 ಓಮ್‌ಗೆ 31 ಮಿಲಿವ್ಯಾಟ್ ಸಿಕ್ಕರೆ, 300 ಓಮ್‌ಗೆ ಸಿಗುವುದು 3 ಚಿಲ್ಲರೆ. ಅಲ್ಲಿ ಸೆಟ್ಟನ್ನು ದೂರಿ ಏನು ಪ್ರಯೋಜನ?

ಸೆಟ್ಟಿನಲ್ಲಿ ಲೈನ್ ಔಟ್ (ಬೇರೆ ಆಂಪ್ಲಿಫೈಯರಿಗೆ ಶಬ್ದ ಕೊಡುವ ಜ್ಯಾಕ್) ಇದ್ದರೆ ಅಲ್ಲಿಂದಲೇ ವೈರ್ ಕೊಡಿ. ಇಲ್ಲದಿದ್ದರೆ ಸೆಟ್ಟಿನ ವಾಲ್ಯೂಮ್ ಮುಕ್ಕಾಲಿಗಿಂತ ಕೆಳಗಿರಲಿ, ಉಳಿದದ್ದನ್ನು ಆಂಪ್ಲಿಫೈಯರಿನಲ್ಲಿ ಏರಿಸಿ. ಸೆಟ್ಟಿನಲ್ಲೇ ಒಡೆದ ಶಬ್ದವನ್ನು ಮುಂದೆ ಯಾರೂ ಸರಿ ಮಾಡಲಾರರು. ಕ್ಯಾಸೆಟ್ಟಿನ ಸುಂಯ್ ಶಬ್ದವೂ ಹಾಗೆಯೇ, ಭಾಗವತರ ಸ್ವರದ ಜೊತೆ ಅದೂ ಏರುತ್ತದೆ. ಹಾಗಾಗಿ ಮೊದಲು ಟೇಪ್ ಓದುವ ಹೆಡ್ ಒರೆಸಿ. ಕಾರವಾರ, ಕುಮಟಾ ಕಡೆಯವರು ಜ್ಯಾಕನ್ನೂ ನೋಡಿ. ಉಪ್ಪುಗಾಳಿಗೆ ಅದು ಕಿಲುಬು ಹಿಡಿದು ಒಂದು ಕಿವಿ ಸುಮ್ನೆ ಮಾಯವಾಗುತ್ತದೆ.

ಒಂದು ವಿಷಯದಲ್ಲಿ ನನಗೆ ಭಯ ಇದೆ. ಆಂಪ್ಲಿಫೈಯರ್ ಬಂದ ಮೇಲೆ ಕೈ ತಾನಾಗಿ ಮೇಲೆ ಹೋಗುತ್ತದೆ, ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 40 ಗಂಟೆ, 80 ಡೆಸಿಬೆಲ್. 3 ಡೆಸಿಬೆಲ್ ಜಾಸ್ತಿಯಾದರೆ 20 ಗಂಟೆ ಮಾತ್ರ. ಇಡೀ ರಾತ್ರಿಯ ಆಟ ಕೇಳುವವರು ಇದನ್ನು ಲೆಕ್ಕ ಹಾಕಲೇಬೇಕು.

ಹಿರಿಯರಿಗೆ ಆಂಪ್ಲಿಫೈಯರ್ ಕೊಡಿಸಲಿಲ್ಲ. ಹಳೆಯ ಎರಡು ಕೆಪಾಸಿಟರ್ ತೆಗೆದು 470 ಮೈಕ್ರೋಫ್ಯಾರಡ್‌ನದ್ದು ಹಾಕಿದೆ. ಅಂಗಡಿಯ ಬೆಂಚಿನ ಮೇಲೆ ಕೂತು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ಕೇಳಿಯೇ ಎದ್ದರು.