ಟಿವಿಯ ವ್ಯಾಟ್ ಜೊತೆ ಬೆಳಕನ್ನೂ ಅಳೆಯಬೇಕು

ಹಾಸನದ ಚಿಕ್ಕಮ್ಮನ ಮನೆಗೆ ಹೋದಾಗ ನನ್ನ ಬ್ಯಾಗಿನಲ್ಲಿ ವ್ಯಾಟ್ ಮೀಟರ್ ಇತ್ತು. ಪ್ಲಗ್‌ಗೂ ಟಿವಿಗೂ ನಡುವೆ ಸಿಕ್ಕಿಸುವ ಪುಟ್ಟ ಡಬ್ಬಿ ಅದು. ಟಿವಿಗಳು ಎಷ್ಟು ಕರೆಂಟ್ ತಿನ್ನುತ್ತವೆ ಎಂದು ಅಳೆಯುವುದೇ ನನ್ನ ಕೆಲಸ, ಹಾಗಾಗಿ ಅದು ಎಲ್ಲಿಗೆ ಹೋದರೂ ಜೊತೆಗಿರುತ್ತದೆ. "ಸ್ಟಾರ್ ಜಾಸ್ತಿ ಇದೆ ಅಂತಲೇ ಈ ಟಿವಿ ತಗೊಂಡಿದ್ದು ಕಣೋ. ಆದ್ರೆ ಸಂಜೆ ಧಾರಾವಾಹಿ ನೋಡೋಕೆ ಕೂತ್ರೆ ಕಣ್ಣು ಉರಿಯುತ್ತೆ" ಎಂದರು ಚಿಕ್ಕಮ್ಮ.

43 ಇಂಚಿನ ಟಿವಿ. ಮೀಟರ್ ಸಿಕ್ಕಿಸಿದೆ. 98 ವ್ಯಾಟ್ ಆಸುಪಾಸಿನಲ್ಲಿ ಓಡುತ್ತಿತ್ತು. ಮೆನು ತೆಗೆದು ನೋಡಿದರೆ ಪಿಕ್ಚರ್ ಮೋಡ್ 'ವಿವಿಡ್', ಅಂದರೆ ಬೆಳಕು, ಬಣ್ಣ ಎಲ್ಲ ಏರಿಸಿದ ಸೆಟ್ಟಿಂಗ್. ಗೋಡೆಗೆ ಟಿವಿ ಹಾಕಲು ಬಂದ ಹುಡುಗ, ಚೆನ್ನಾಗಿ ಕಾಣಲಿ ಅಂತ ಹಾಗೆ ಇಟ್ಟು ಹೋಗಿದ್ದ. 'ಸ್ಟ್ಯಾಂಡರ್ಡ್'ಗೆ ತಂದೆ. ಅದೇ ಚಾನೆಲ್, ಅದೇ ಧಾರಾವಾಹಿ, 62 ವ್ಯಾಟ್. ದಿನಕ್ಕೆ ಐದು ಗಂಟೆ ನೋಡುವ ಮನೆಯಲ್ಲಿ ಈ 36 ವ್ಯಾಟ್ ಅಂದರೆ ವರ್ಷಕ್ಕೆ ಸುಮಾರು 65 ಯೂನಿಟ್.

ಡಬ್ಬದ ಮೇಲಿನ ಲೇಬಲ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಕಂಪನಿ ಕಳಿಸಿದ ಸೆಟ್ಟಿಂಗ್‌ನಲ್ಲಿರುವ ಟಿವಿಯ ಲೆಕ್ಕ. ಚಿಕ್ಕಮ್ಮ ನೋಡುತ್ತಿದ್ದದ್ದು ಆ ಟಿವಿಯನ್ನಲ್ಲ, ಅಷ್ಟೇ.

ಇಷ್ಟು ವ್ಯತ್ಯಾಸ ಎಲ್ಲಿಂದ ಬರುತ್ತದೆ? ನಮ್ಮ ಮನೆಗಳಲ್ಲಿರುವ ಬಹುಪಾಲು ಟಿವಿಗಳು ಎಲ್‌ಸಿಡಿ. ಹಿಂದೆ ಎಲ್‌ಇಡಿ ದೀಪಗಳ ಸಾಲು, ಮುಂದೆ ಬಣ್ಣ ತೋರಿಸುವ ಪದರಗಳು. ಹಿಂದಿನ ದೀಪದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ತಲುಪುವುದು ನೂರಕ್ಕೆ ಹತ್ತು ಪಾಲೂ ಇಲ್ಲ. ಉಳಿದದ್ದು ಆ ಪದರಗಳಲ್ಲೇ ಇಂಗಿಹೋಗುತ್ತದೆ. ಹಾಗಾಗಿ ಮುಂದೆ ಸ್ವಲ್ಪ ಜಾಸ್ತಿ ಬೆಳಕು ಬೇಕೆಂದರೆ ಹಿಂದೆ ತುಂಬಾ ಜಾಸ್ತಿ ಉರಿಸಬೇಕು. ಟಿವಿಯ ಒಳಗೆ ಕರೆಂಟ್ ತಿನ್ನುವ ಭಾಗಗಳಲ್ಲಿ ದೊಡ್ಡದು ಇದೇ. ಇನ್ನೊಂದು ಕಡೆ, ಬೆಳಕು ಎರಡು ಪಟ್ಟಾದರೆ ನಮ್ಮ ಕಣ್ಣಿಗೆ ಎರಡು ಪಟ್ಟು ಕಾಣುವುದಿಲ್ಲ. ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ಬಿಲ್ಲಿನಲ್ಲಿ ಮಾತ್ರ ಪೂರ್ತಿ ಕಾಣುತ್ತದೆ.

ಹೀಗಿದ್ದೂ ಟಿವಿಯ ದಕ್ಷತೆ ಅಳೆಯುವ ನಿಯಮಗಳು ಬೆಳಕನ್ನು ಬಹಳ ಕಾಲ ಬದಿಗಿಟ್ಟವು. ಪರದೆ ಎಷ್ಟು ದೊಡ್ಡದು, ಅದಕ್ಕೆ ಎಷ್ಟು ವ್ಯಾಟ್, ಇಷ್ಟೇ ಲೆಕ್ಕ. ಆಗ ಕಂಪನಿಗೆ ಸುಲಭದ ದಾರಿ ಯಾವುದು? ಟಿವಿಯನ್ನು ಮಂಕಾಗಿಸಿ ಕಳಿಸುವುದು. ಪರೀಕ್ಷೆಯಲ್ಲಿ ಪಾಸ್. ಮನೆಯಲ್ಲಿ ಜನ ಮೊದಲ ದಿನವೇ "ಏನಿದು, ಕಾಣಿಸ್ತಾನೇ ಇಲ್ಲ" ಎಂದು ಬೆಳಕು ಏರಿಸುತ್ತಾರೆ. ಉಳಿತಾಯ ಕಾಗದದಲ್ಲೇ ಉಳಿಯುತ್ತದೆ.

ಯುರೋಪ್ ಇದನ್ನು 2009ರಲ್ಲೇ ಗಮನಿಸಿತು. ಮನೆಯ ಮೋಡ್‌ನಲ್ಲಿ ಇರುವ ಬೆಳಕು, ಟಿವಿ ಕೊಡಬಲ್ಲ ಅತಿ ಹೆಚ್ಚು ಬೆಳಕಿನ ಶೇ. 65ಕ್ಕಿಂತ ಕಡಿಮೆ ಇರಬಾರದು ಎಂದು ನಿಯಮ ಮಾಡಿತು. ಮಂಕು ಮಾಡಿ ಪಾಸಾಗುವ ಆಟಕ್ಕೆ ಅದು ಒಳ್ಳೆಯ ಬೇಲಿ. ಆಮೇಲೆ 2021ರಿಂದ ಜಾರಿಗೆ ಬಂದ ನಿಯಮ ಆ ಬೇಲಿಯನ್ನು ಸಡಿಲಿಸಿತು. 220 ನಿಟ್ ಬೆಳಕು ಕೊಟ್ಟರೆ ಸಾಕು, ಶೇ. 65ರ ಪ್ರಶ್ನೆ ಬರುವುದಿಲ್ಲ. ನಿಟ್ ಅಂದರೆ ಪರದೆಯ ಬೆಳಕಿನ ಅಳತೆ. ಒಂದು ಚದರ ಮೀಟರ್ ಜಾಗದಿಂದ ಹೆಚ್ಚುಕಡಿಮೆ ಒಂದು ಮೇಣದಬತ್ತಿಯಷ್ಟು ಬೆಳಕು ಬಂದರೆ ಒಂದು ನಿಟ್. 2023ರ ಮಾರ್ಚ್‌ನಲ್ಲಿ ವಿದ್ಯುತ್ ಬಳಕೆಯ ಮಿತಿ ಇನ್ನೂ ಬಿಗಿಯಾಗಿ, ಅತಿ ಸ್ಪಷ್ಟ ಚಿತ್ರದ 8ಕೆ ಟಿವಿಗಳೂ ಅದರಡಿ ಬಂದವು. ಅವು ಮಾರುಕಟ್ಟೆಯಿಂದಲೇ ಹೋಗುತ್ತವೆ ಎಂದು ಹಲವರು ಹೆದರಿದ್ದರು. ಹೋಗಲಿಲ್ಲ. ಪೆಟ್ಟಿಗೆಯಿಂದ ತೆಗೆದಾಗ ಇರುವ ಮೋಡ್‌ನಲ್ಲೇ ಪರೀಕ್ಷೆ ನಡೆಯುತ್ತದೆ. ಆ ಮೋಡ್‌ನಲ್ಲಿ ಬೆಳಕು ಇಳಿಸಿಟ್ಟರೆ ಮುಗಿಯಿತು.

ಅಮೆರಿಕದ ಕಥೆ ನನಗೆ ಇನ್ನೂ ಬೇಸರ ತರಿಸುವಂಥದ್ದು. ಅಲ್ಲಿನ ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆ 2016ರಲ್ಲಿ ಟಿವಿಗಳನ್ನು ಮನೆಯಲ್ಲಿ ಬಳಸುವ ಹಾಗೆ ಅಳೆದು ನೋಡಿತು. ಕೆಲವು ಟಿವಿಗಳಲ್ಲಿ ಪಿಕ್ಚರ್ ಮೋಡ್ ಬದಲಿಸಿದ ತಕ್ಷಣ ಕರೆಂಟ್ ಉಳಿಸುವ ಸೌಲಭ್ಯಗಳು ಸುಮ್ನೆ ಆಫ್ ಆಗುತ್ತಿದ್ದವು. ನೋಡುವವರಿಗೆ ಒಂದು ಸೂಚನೆಯೂ ಇಲ್ಲ. ಇನ್ನು ಕೆಲವು ಟಿವಿಗಳು ದೃಶ್ಯ ಪಟಪಟ ಬದಲಾದಾಗ ಬೆಳಕು ತಗ್ಗಿಸುತ್ತಿದ್ದವು. ಪರೀಕ್ಷೆಗೆ ಹಾಕುವ ಹತ್ತು ನಿಮಿಷದ ವಿಡಿಯೋದಲ್ಲಿ ದೃಶ್ಯಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ಮನೆಯಲ್ಲಿ ನೋಡುವ ಕಾರ್ಯಕ್ರಮಗಳು ಹಾಗಿರುವುದಿಲ್ಲ, ಅಲ್ವಾ? ಅತ್ತೆ ಸೊಸೆಯ ಮುಖದ ಮೇಲೆ ಕ್ಯಾಮೆರಾ ನಿಮಿಷಗಟ್ಟಲೆ ನಿಂತಿರುತ್ತದೆ.

ಹಾಗಾದರೆ ಬೆಳಕು ಜಾಸ್ತಿ ಕೊಡುವ ಟಿವಿಗೆ ಜಾಸ್ತಿ ವ್ಯಾಟ್ ಬಿಟ್ಟುಕೊಡಬೇಕೇ? ಅಂಗಡಿ, ಬಸ್‌ಸ್ಟ್ಯಾಂಡ್‌ಗಳಲ್ಲಿ ಜಾಹೀರಾತು ತೋರಿಸುವ ಪರದೆಗಳಿಗೆ ಯುರೋಪ್ ಹಾಗೆ ಮಾಡಿದೆ. 500 ನಿಟ್ ದಾಟಿದ ಬೆಳಕಿಗೆ ಅಲ್ಲಿ ರಿಯಾಯಿತಿ ಇದೆ. ಹಗಲು ಬೆಳಕಿನಲ್ಲಿ ಓದಿಸಬೇಕಾದ ಪರದೆಗೆ ಅದು ಸರಿ. ಮನೆಯ ಟಿವಿಗೆ ಕೊಟ್ಟರೆ ಕಂಪನಿಗಳು ಬೆಳಕು ಏರಿಸುವ ಪೈಪೋಟಿಗೆ ಇಳಿಯುತ್ತವೆ. ಚಿಕ್ಕಮ್ಮನ ಕಣ್ಣು ಇನ್ನಷ್ಟು ಉರಿಯುತ್ತದೆ. ನಾನು ಇದಕ್ಕೆ ಒಪ್ಪುವುದಿಲ್ಲ.

ನನ್ನ ಪ್ರಕಾರ ಎಲ್ಲ ಟಿವಿಗಳನ್ನೂ ಒಂದೇ ಬೆಳಕಿಗೆ ತಂದು ಆಮೇಲೆ ವ್ಯಾಟ್ ಅಳೆಯಬೇಕು. ಮನೆಯಲ್ಲಿ ಆರಾಮಾಗಿ ನೋಡಲು ಸಾಕಾಗುವಷ್ಟು ಬೆಳಕು ಎಂದು ಒಂದು ಮಟ್ಟ ಗೊತ್ತುಮಾಡಿ. ಆ ಬೆಳಕನ್ನು ಕಡಿಮೆ ಕರೆಂಟಿನಲ್ಲಿ ಕೊಡುವ ಟಿವಿಯೇ ಒಳ್ಳೆಯ ಟಿವಿ. ಆಗ ಕಂಪನಿ ಮಂಕು ಮಾಡಿ ಗೆಲ್ಲುವ ಹಾಗಿಲ್ಲ. ಒಳ್ಳೆಯ ಎಲ್‌ಇಡಿ, ಒಳ್ಳೆಯ ಪದರಗಳನ್ನೇ ಹಾಕಬೇಕಾಗುತ್ತದೆ. ಇದು ಕೈಲಾಗದ ಮಾತಲ್ಲ. ಅಮೆರಿಕದ ಇಂಧನ ಇಲಾಖೆ 2023ರಲ್ಲಿ ಒಪ್ಪಿದ ಹೊಸ ವಿಧಾನದಲ್ಲಿ ವಿಡಿಯೋ ಓಡುತ್ತಿರುವಾಗಲೇ ಕ್ಯಾಮೆರಾ ಇಟ್ಟು ಇಡೀ ಪರದೆಯ ಬೆಳಕನ್ನು ಅಳೆಯುತ್ತಾರೆ. ಎಷ್ಟು ವ್ಯಾಟ್‌ಗೆ ಎಷ್ಟು ಬೆಳಕು ಎಂಬುದು ಅದರಲ್ಲಿ ಸಿಕ್ಕೇ ಸಿಗುತ್ತದೆ.

ಅದರ ಜೊತೆಗೆ, ಅತಿ ಬೆಳಕಿನ ಮೋಡ್‌ನಲ್ಲಿ ಎಷ್ಟು ಯೂನಿಟ್ ಎಂಬುದನ್ನೂ ಲೇಬಲ್ ಮೇಲೆ ಹಾಕಬೇಕು. ಯುರೋಪಿನ ಲೇಬಲ್ ಎಚ್‌ಡಿಆರ್ ವಿಡಿಯೋಗೆ (ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚಾಗಿ ತೋರಿಸುವ ವಿಡಿಯೋ) ಈಗಾಗಲೇ ಬೇರೆ ದರ್ಜೆ ತೋರಿಸುತ್ತದೆ. ನಮ್ಮ ಇಂಧನ ದಕ್ಷತಾ ಬ್ಯೂರೋದ ಸ್ಟಾರ್ ಲೇಬಲ್‌ನಲ್ಲಿ ಪರದೆಯ ಅಳತೆ, ವರ್ಷದ ಯೂನಿಟ್ ಇರುತ್ತದೆ. ಬೆಳಕಿನ ಮಾತೇ ಇಲ್ಲ. 4ಕೆ ಟಿವಿಗಳಿಗೆ 2021ರಲ್ಲಿ ಲೇಬಲ್ ಶುರುವಾದಾಗಲೇ ಇದನ್ನು ಸೇರಿಸಬಹುದಿತ್ತು. ಈಗಲೂ ತಡವಾಗಿಲ್ಲ.

ಕೋಣೆಯ ಬೆಳಕು ನೋಡಿ ಪರದೆಯನ್ನು ತಾನೇ ಏರಿಸಿ ಇಳಿಸುವ ಸೆನ್ಸರ್‌ಗೂ ಬೆಲೆ ಕೊಡಬೇಕು. ಆದರೆ ಅದು ನಿಜವಾಗಿ ಕೆಲಸ ಮಾಡಿದರೆ ಮಾತ್ರ. ಕೋಣೆಯ ಬೆಳಕು 100 ಲಕ್ಸ್‌ನಿಂದ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) 12ಕ್ಕೆ ಇಳಿದಾಗ ಟಿವಿಯ ವಿದ್ಯುತ್ ಕನಿಷ್ಠ ಶೇ. 20 ಇಳಿಯಬೇಕು ಎಂದು ಯುರೋಪ್ ಕೇಳುತ್ತದೆ. ಹಾಗೆ ಇಳಿದರೆ ಲೆಕ್ಕದಲ್ಲಿ ಶೇ. 10 ರಿಯಾಯಿತಿ. ಪಿಕ್ಚರ್ ಮೋಡ್ ಯಾವುದೇ ಇರಲಿ, ಆ ಸೆನ್ಸರ್ ಆನ್ ಆಗೇ ಇರಬೇಕು.

ಇದು ಯಾಕೆ ಮುಖ್ಯ ಎಂದು ಮಾರನೇ ದಿನ ಹಾಸನದಲ್ಲೇ ಕಂಡಿತು. ಮಧ್ಯಾಹ್ನ ಚಿಕ್ಕಮ್ಮನ ಅಳಿಯ ಕ್ರಿಕೆಟ್ ಹಾಕಿದರು. ಕಿಟಕಿಯಿಂದ ಬಿಸಿಲು ನೇರ ಪರದೆಗೆ ಬೀಳುತ್ತಿತ್ತು. "ಬಾಲ್ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗ್ತಿಲ್ಲ" ಎಂದು ರಿಮೋಟ್ ತೆಗೆದುಕೊಂಡು ಮತ್ತೆ ವಿವಿಡ್ ಮಾಡಿದರು. ಅವರದ್ದೂ ತಪ್ಪಲ್ಲ. ಆ ಟಿವಿಯಲ್ಲಿ ಸೆನ್ಸರ್ ಇರಲಿಲ್ಲ. ಸಂಜೆ ಏಳಕ್ಕೆ ಧಾರಾವಾಹಿ ಶುರುವಾದಾಗ ಮೀಟರ್ ನೋಡಿದೆ. 98.