ಲೆಕ್ಕದ ದಾರಿ ಬೇರೆ, ಎಲೆಕ್ಟ್ರಾನಿನ ದಾರಿ ಬೇರೆ

ರಸಾಯನಶಾಸ್ತ್ರದ ಮೊದಲ ವರ್ಷದ ಉತ್ತರ ಪತ್ರಿಕೆ ತಿದ್ದುವಾಗ ಎರಡು ಪ್ರಶ್ನೆಗಳ ಹತ್ತಿರ ನನ್ನ ಪೆನ್ನು ನಿಂತುಬಿಡುತ್ತದೆ. ಒಂದು, ಮೀಥೇನ್ ಉರಿದಾಗ ಎಷ್ಟು ಶಾಖ ಬರುತ್ತದೆ ಅನ್ನೋದು. ಇನ್ನೊಂದು, ಕಬ್ಬಿಣದ ಅಯಾನಿನ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ, ಎಲೆಕ್ಟ್ರಾನ್ ವಿನ್ಯಾಸ. ಪಾಠಗಳು ಬೇರೆ ಬೇರೆ. ಆದರೆ ಮಕ್ಕಳು ಎಡವುವ ಕಲ್ಲು ಒಂದೇ ಅಂತ ಬರಬರುತ್ತಾ ನನಗೆ ಗೊತ್ತಾಯಿತು. ಕಾಗದದ ಮೇಲೆ ಲೆಕ್ಕ ಸಾಗಿದ ದಾರಿಯನ್ನೇ ಅವರು ಅಣುಗಳು ಸಾಗಿದ ದಾರಿ ಅಂದುಕೊಳ್ಳುತ್ತಾರೆ.

ಮೊದಲು ಮೀಥೇನ್ ನೋಡೋಣ. ಒಂದು ಮೋಲ್ (ಅಣುಗಳನ್ನು ಎಣಿಸುವ ನಿಗದಿತ ಪ್ರಮಾಣ) ಮೀಥೇನ್ ಎರಡು ಮೋಲ್ ಆಕ್ಸಿಜನ್ ಜೊತೆ ಉರಿದರೆ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್, ಎರಡು ಮೋಲ್ ನೀರು ಸಿಗುತ್ತದೆ. ಕೋಷ್ಟಕದಲ್ಲಿ ಉತ್ಪತ್ತಿ ಎಂಥಾಲ್ಪಿಗಳಿವೆ. ಅಂದರೆ, ಧಾತುಗಳಿಂದ ಒಂದು ಮೋಲ್ ವಸ್ತು ಉಂಟಾಗುವಾಗ ಆಗುವ ಶಕ್ತಿಯ ವ್ಯತ್ಯಾಸ. ಋಣ ಚಿಹ್ನೆ ಇದ್ದರೆ ಶಾಖ ಹೊರಬರುತ್ತದೆ ಅಂತ ಅರ್ಥ. ಕಾರ್ಬನ್ ಡೈಆಕ್ಸೈಡಿಗೆ −393.5 ಕಿಲೋಜೂಲ್, ದ್ರವ ನೀರಿಗೆ −285.8, ಮೀಥೇನಿಗೆ −74.8. ಆಕ್ಸಿಜನ್ ಅನಿಲಕ್ಕೆ ಸೊನ್ನೆ. ಯಾಕೆಂದರೆ ಅಳತೆ ಶುರುವಾಗುವುದೇ ಧಾತುಗಳಿಂದ. ಉತ್ಪನ್ನಗಳ ಮೊತ್ತದಿಂದ ಪ್ರತಿವರ್ತಕಗಳ ಮೊತ್ತ ಕಳೆಯಬೇಕು:

(−393.5) + 2 × (−285.8) − (−74.8) = −890.3 ಕಿಲೋಜೂಲ್

ಇಲ್ಲಿ ತಪ್ಪುವ ಜಾಗಗಳು ಗೊತ್ತಿರುವಂಥವೇ. ನೀರಿನ ಮುಂದಿನ 2 ಮರೆತುಹೋಗುತ್ತದೆ. ಋಣ ಸಂಖ್ಯೆಯನ್ನು ಕಳೆಯುವಾಗ ಚಿಹ್ನೆ ತಪ್ಪುತ್ತದೆ. ಇವೆಲ್ಲ ಅಭ್ಯಾಸದಿಂದ ಸರಿಹೋಗುತ್ತವೆ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಬೇರೆ ಪ್ರಶ್ನೆ. ಉರಿಯುವ ಮೀಥೇನ್ ಮೊದಲು ಕಾರ್ಬನ್ನಾಗಿ, ಹೈಡ್ರೋಜನ್ನಾಗಿ ಒಡೆದು, ಆಮೇಲೆ ಕಾರ್ಬನ್ ಡೈಆಕ್ಸೈಡ್ ಆಗುತ್ತದಾ? ಇಲ್ಲ. ಜ್ವಾಲೆಯಲ್ಲಿ ನಡೆಯುವುದು ತುಂಬಾ ಗೋಜಲಿನ ಸಂಗತಿ. ಕ್ಷಣಮಾತ್ರ ಬಾಳುವ ಅಣುತುಂಡುಗಳು ಹುಟ್ಟಿ, ಡಿಕ್ಕಿ ಹೊಡೆದು, ಬೇರೆಯಾಗುತ್ತಾ ಹೋಗುತ್ತವೆ. ಆದರೂ ನಮ್ಮ ಲೆಕ್ಕ ಸರಿ ಬರುತ್ತದೆ. ಯಾಕೆ?

1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜೆರ್ಮೇನ್ ಹೆಸ್ ಇದನ್ನೇ ಅಳೆದು ತೋರಿಸಿದರು. ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬೆರೆಸಿದರೆ ಶಾಖ ಬರುತ್ತದೆ. ಅದನ್ನು ಅಮೋನಿಯಾದಿಂದ ತಟಸ್ಥಗೊಳಿಸಿದರೆ ಇನ್ನಷ್ಟು ಬರುತ್ತದೆ. ಮೊದಲೇ ಜಾಸ್ತಿ ನೀರು ಬೆರೆಸಿದ್ದರೆ ಎರಡನೇ ಹಂತದಲ್ಲಿ ಕಡಿಮೆ ಶಾಖ. ಎರಡನ್ನೂ ಕೂಡಿಸಿದರೆ ಮಾತ್ರ ಪ್ರತಿ ಸಲವೂ ಅಷ್ಟೇ. ಎಲ್ಲಿಂದ ಹೊರಟೆವು, ಎಲ್ಲಿ ತಲುಪಿದೆವು ಅನ್ನೋದಷ್ಟೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಅಳೆಯಲು ಆಗದ್ದನ್ನೂ ಲೆಕ್ಕ ಹಾಕಬಹುದು. ಕಾರ್ಬನ್ನನ್ನು ಉರಿಸಿ ಬರೀ ಕಾರ್ಬನ್ ಮೊನಾಕ್ಸೈಡ್ ಮಾಡುವುದು ಕಷ್ಟ, ಜೊತೆಗೆ ಡೈಆಕ್ಸೈಡೂ ಬಂದೇ ಬರುತ್ತದೆ. ಆದರೆ ಕಾರ್ಬನ್ ಪೂರ್ತಿ ಉರಿದರೆ −393.5, ಮೊನಾಕ್ಸೈಡ್ ಉರಿದರೆ −283.0. ವ್ಯತ್ಯಾಸ −110.5. ನಮಗೆ ಬೇಕಾದ ಸಂಖ್ಯೆ ಅದೇ.

ಹೊರಟ ಜಾಗ, ತಲುಪಿದ ಜಾಗ ಇಷ್ಟು ಮುಖ್ಯ ಅಂದಮೇಲೆ ಅವನ್ನು ಸರಿಯಾಗಿ ಬರೆಯಬೇಕು ಅಲ್ವಾ? ಒಬ್ಬ ವಿದ್ಯಾರ್ಥಿ ಮೀಥೇನ್ ಲೆಕ್ಕಕ್ಕೆ −802.3 ಅಂತ ಬರೆದಿದ್ದ. ಅವನು ನೀರಾವಿಯ ಸಂಖ್ಯೆ −241.8 ತೆಗೆದುಕೊಂಡಿದ್ದ. ಅಂಥ ಉತ್ತರಕ್ಕೆ ಸುಮ್ನೆ ತಪ್ಪು ಹಾಕಬಾರದು. ನೀರು ಆವಿಯಾಗಿಯೇ ಉಳಿದಿದ್ದರೆ ಅದೇ ಸರಿ. ಎರಡು ಉತ್ತರಗಳ ನಡುವಿನ 88 ಕಿಲೋಜೂಲ್ ಎಂದರೆ ಎರಡು ಮೋಲ್ ನೀರನ್ನು ಆವಿ ಮಾಡಲು ಬೇಕಾದ ಶಾಖ. ಸಮೀಕರಣದಲ್ಲಿ ದ್ರವವೋ ಅನಿಲವೋ ಅಂತ ಬರೆಯದೇ ಇದ್ದದ್ದೇ ಅವನ ತಪ್ಪು.

ಬಂಧ ಶಕ್ತಿಯಿಂದ, ಅಂದರೆ ಪರಮಾಣುಗಳ ನಡುವಿನ ಬಂಧ ಒಡೆಯಲು ಬೇಕಾದ ಶಕ್ತಿಯಿಂದ, ಲೆಕ್ಕ ಹಾಕಿದರೂ ಇದೇ ಕಾಣುತ್ತದೆ. ಒಡೆಯುವ ಬಂಧಗಳು: ಕಾರ್ಬನ್–ಹೈಡ್ರೋಜನ್ ನಾಲ್ಕು, ಒಂದಕ್ಕೆ ಸುಮಾರು 414. ಆಕ್ಸಿಜನ್ ಜೋಡಿ ಎರಡು, ಒಂದಕ್ಕೆ 498. ಒಟ್ಟು 2652. ಕೂಡುವ ಬಂಧಗಳು: ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು, ಒಂದಕ್ಕೆ 799. ನೀರಿನಲ್ಲಿ ನಾಲ್ಕು, ಒಂದಕ್ಕೆ 463. ಒಟ್ಟು 3450. ವ್ಯತ್ಯಾಸ −798. ಇದು −802ರ ಹತ್ತಿರ ಇದೆ, −890ರ ಹತ್ತಿರ ಅಲ್ಲ. ಬಂಧ ಶಕ್ತಿಗಳು ಅನಿಲಗಳಿಗೆ ಹೇಳಿದ ಸರಾಸರಿ ಸಂಖ್ಯೆಗಳು, ಅದಕ್ಕೇ. ಈ ವಿಧಾನದಲ್ಲಿ ಒಡೆದದ್ದರಿಂದ ಕೂಡಿದ್ದನ್ನು ಕಳೆಯುತ್ತೇವೆ. ಹಿಂದಿನದಕ್ಕಿಂತ ಉಲ್ಟಾ. ಬಂಧ ಒಡೆಯಲು ಶಕ್ತಿ ಕೊಡಬೇಕು, ಕೂಡಿದಾಗ ಶಕ್ತಿ ಹೊರಬರುತ್ತದೆ ಅನ್ನೋದು ಮನಸ್ಸಿನಲ್ಲಿ ನಿಂತರೆ ಈ ಉಲ್ಟಾವನ್ನು ಬಾಯಿಪಾಠ ಮಾಡಬೇಕಿಲ್ಲ.

ಈಗ ಕಬ್ಬಿಣ. ಪರಮಾಣು ಸಂಖ್ಯೆ 26. 4ಎಸ್, 3ಡಿ ಅನ್ನೋದು ಪರಮಾಣುವಿನಲ್ಲಿ ಎಲೆಕ್ಟ್ರಾನ್ ಕೂರುವ ಜಾಗಗಳ ಹೆಸರು. ಆರ್ಗಾನಿನ 18 ಎಲೆಕ್ಟ್ರಾನುಗಳ ಮೇಲೆ 4ಎಸ್‌ನಲ್ಲಿ 2, 3ಡಿಯಲ್ಲಿ 6. ಇಷ್ಟನ್ನು ಎಲ್ಲರೂ ಸರಿ ಬರೆಯುತ್ತಾರೆ. ಎರಡು ಎಲೆಕ್ಟ್ರಾನ್ ತೆಗೆಯಿರಿ ಅಂದರೆ ಅರ್ಧ ತರಗತಿ 3ಡಿಯಿಂದ ತೆಗೆಯುತ್ತದೆ. ಕೊನೆಗೆ ತುಂಬಿದ್ದು ಅದೇ ತಾನೇ ಅನ್ನುವುದು ಅವರ ವಾದ. ವಾದ ಚೆನ್ನಾಗಿದೆ, ಉತ್ತರ ತಪ್ಪು. ಹೋಗುವುದು 4ಎಸ್‌ನ ಎರಡು. ಉಳಿಯುವುದು 3ಡಿಯ ಆರು.

ತುಂಬುವ ಕ್ರಮ ಒಂದು ಕಬ್ಬಿಣದ ಪರಮಾಣುವಿನ ಚರಿತ್ರೆ ಅಲ್ಲ. ಅದು ಧಾತುವಿನಿಂದ ಧಾತುವಿಗೆ ಹೋಗುವ ದಾರಿ. ಪೊಟ್ಯಾಸಿಯಂ, ಕ್ಯಾಲ್ಸಿಯಂ, ಸ್ಕ್ಯಾಂಡಿಯಂ ಅಂತ ಮುಂದೆ ಹೋದ ಹಾಗೆ ಪ್ರತಿ ಹೆಜ್ಜೆಗೂ ನ್ಯೂಕ್ಲಿಯಸ್ಸಿಗೆ ಒಂದೊಂದು ಪ್ರೋಟಾನ್ ಸೇರುತ್ತದೆ. ಅಯಾನ್ ಮಾಡುವಾಗ ಹಾಗಾಗುವುದಿಲ್ಲ. ಎಷ್ಟು ಎಲೆಕ್ಟ್ರಾನ್ ತೆಗೆದರೂ ಪ್ರೋಟಾನುಗಳು 26. ಹೋದ ದಾರಿಯಲ್ಲೇ ವಾಪಸ್ ಬರುತ್ತಿಲ್ಲ, ಇದು ಬೇರೆಯೇ ದಾರಿ. ಶಕ್ತಿಯ ಲೆಕ್ಕದಲ್ಲಿ ಪೊಟ್ಯಾಸಿಯಂನಲ್ಲಿ 4ಎಸ್ ಕೆಳಗಿದೆ. ಸ್ಕ್ಯಾಂಡಿಯಂನಿಂದ ಮುಂದೆ 3ಡಿ ಕೆಳಗೆ ಇಳಿದಿರುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸ್ಕ್ಯಾಂಡಿಯಂನಲ್ಲಿ ಉಳಿದ ಒಂಟಿ ಎಲೆಕ್ಟ್ರಾನ್ ಇರುವುದು 3ಡಿಯಲ್ಲೇ. ಹಾಗಾದರೆ ಪೂರ್ತಿ ಪರಮಾಣುವಿನಲ್ಲಿ ಎರಡು ಯಾಕೆ 4ಎಸ್‌ಗೆ ಹೋಗುತ್ತವೆ? 3ಡಿ ಇಕ್ಕಟ್ಟಾದ ಜಾಗ. ಅಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ಜೋರಾಗಿ ತಳ್ಳುತ್ತವೆ. ಎಲ್ಲರ ಶಕ್ತಿ ಸೇರಿಸಿ ನೋಡಿದರೆ ಎರಡು ಹೊರಗೆ ಕೂರುವುದೇ ಅಗ್ಗ.

ಕ್ರೋಮಿಯಂ ಮತ್ತು ತಾಮ್ರದಲ್ಲಿ 4ಎಸ್‌ನಲ್ಲಿ ಒಂದೇ ಉಳಿಯುತ್ತದೆ. ಅರ್ಧ ತುಂಬಿದ, ಪೂರ್ತಿ ತುಂಬಿದ ಡಿ ಗಟ್ಟಿ ಅಂತ ಕಾರಣ ಕೊಡುವುದು ರೂಢಿ. ನೆನಪಿಗೆ ಅದು ಸಾಕು. ಕಾರಣವಾಗಿ ಸಾಲದು, ಯಾಕೆಂದರೆ ಕ್ರೋಮಿಯಂ ಗುಂಪಿನಲ್ಲೇ ಇರುವ ಟಂಗ್‌ಸ್ಟನ್ನಿನಲ್ಲಿ 5ಡಿಯಲ್ಲಿ 4, 6ಎಸ್‌ನಲ್ಲಿ 2.

ಯಾರ ಉತ್ತರ ಸರಿ ಅಂತ ವಾದ ಬಂದಾಗ ನಾನು ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣವನ್ನು ತೋರಿಸುತ್ತೇನೆ. 3ಡಿಯಿಂದ ತೆಗೆದವರ ಪ್ರಕಾರ ಅಲ್ಲಿ ಮೂರು ಒಂಟಿ (ಜೋಡಿಯಿಲ್ಲದ) ಎಲೆಕ್ಟ್ರಾನ್ ಇರಬೇಕು, ಅವುಗಳಿಂದ ಬರುವ ಕಾಂತೀಯ ಮೊಮೆಂಟ್ ಸುಮಾರು 3.9 ಬೋರ್ ಮ್ಯಾಗ್ನೆಟಾನ್ (ಅದನ್ನು ಅಳೆಯುವ ಮಾನ). ಮೊದಲು 4ಎಸ್‌ನಿಂದ ತೆಗೆದವರ ಪ್ರಕಾರ ಐದು ಒಂಟಿ, ಸುಮಾರು 5.9. ಈ ಅಯಾನಿನ ಅನೇಕ ಲವಣಗಳನ್ನು ಕಾಂತದ ಹತ್ತಿರ ಇಟ್ಟು ಅಳೆದಾಗ ಬರುವುದು 5.9ರ ಆಸುಪಾಸು.